ದೆಹಲಿಯಲ್ಲಿ ಒಂದೇ ಬಾಗಿಲು, ಹೊರಗೆ ಇಪ್ಪತ್ತೆರಡು ಭಾಷೆ

ಮೊದಲು ಒಂದು ಸಣ್ಣ ಲೆಕ್ಕ. ಸ್ಪೇನ್ ದೇಶದ ಉತ್ತರಕ್ಕೆ ಬಾಸ್ಕ್ ಎಂಬ ಭಾಷೆಯಿದೆ. ಗಡಿಯಾಚೆ ಫ್ರಾನ್ಸಿನಲ್ಲಿರುವವರನ್ನು ಸೇರಿಸಿ ಎಣಿಸಿದರೂ ಅದನ್ನು ಚೆನ್ನಾಗಿ ಮಾತನಾಡುವವರು ಹತ್ತು ಲಕ್ಷ ದಾಟುವುದಿಲ್ಲ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಕನ್ನಡ ಎಂದು ಬರೆಸಿದವರು 4.37 ಕೋಟಿ. ಮಕ್ಕಳ ಪುಸ್ತಕಗಳಿಗೆಂದೇ ಇರುವ ಹೆಸರಾಂತ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಬಾಸ್ಕ್ ಭಾಷೆಗೆ ತನ್ನದೇ ವಿಭಾಗವಿದೆ. ಕನ್ನಡಕ್ಕಿಲ್ಲ. ತುಳುವಿನ ಮಾತು ಕೇಳುವುದೇ ಬೇಡ.

ಸಂಸ್ಥೆಯ ಹೆಸರು ಇಂಟರ್‌ನ್ಯಾಷನಲ್ ಬೋರ್ಡ್ ಆನ್ ಬುಕ್ಸ್ ಫಾರ್ ಯಂಗ್ ಪೀಪಲ್. ಉದ್ದವಾಯಿತು, ಎಲ್ಲರೂ ‘ಇಬ್ಬಿ’ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಇದನ್ನು ಕಟ್ಟಿದ ಯೆಲ್ಲಾ ಲೆಪ್‌ಮನ್ ನಮ್ಮ ಕಸುಬಿನವರು ಎನ್ನುವುದನ್ನು ಈ ಬ್ಲಾಗಿನ ಓದುಗರಿಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜರ್ಮನಿಯ ಯಹೂದಿ ಪತ್ರಕರ್ತೆ. ಹಿಟ್ಲರನ ಕಾಲಕ್ಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಲಂಡನ್ನಿಗೆ ಓಡಿದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಸಲಹೆಗಾರ್ತಿಯಾಗಿ ಅದೇ ಜರ್ಮನಿಗೆ ವಾಪಸು ಬಂದರು. ಮಕ್ಕಳಿಗೆ ಅನ್ನ, ಬಟ್ಟೆಯ ಜೊತೆಗೆ ಪುಸ್ತಕವೂ ಬೇಕು ಎಂದು ಹಲವು ದೇಶಗಳಿಗೆ ಕಾಗದ ಬರೆದರು. ಎರಡೆರಡು ಸಲ ಜರ್ಮನಿಯ ದಾಳಿ ಕಂಡಿದ್ದ ಬೆಲ್ಜಿಯಂ ಮೊದಲು ಆಗುವುದಿಲ್ಲ ಎಂದಿತು. ಅವರು ಬಿಡಲಿಲ್ಲ, ಮತ್ತೆ ಬರೆದರು. ಪುಸ್ತಕ ಬಂತು. 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ, 1949ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯ, 1953ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಬ್ಬಿ. ಈಗ ಕಚೇರಿ ಬಾಸೆಲ್‌ನಲ್ಲಿದೆ. ಸುಮಾರು 80 ದೇಶಗಳಲ್ಲಿ ಶಾಖೆಗಳಿವೆ.

ಈ ಶಾಖೆಗಳೇ ನನ್ನ ತಕರಾರಿನ ವಿಷಯ. ಇಬ್ಬಿಯಲ್ಲಿ ಲೆಕ್ಕಕ್ಕೆ ಬರುವ ಘಟಕ ದೇಶ. ಪ್ರತಿ ದೇಶದ ಶಾಖೆ ವರ್ಷವರ್ಷ ಚಂದಾ ಕಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನದಲ್ಲಿ ಶಾಖೆಗಳೆಲ್ಲ ಕೂತು ಅಧ್ಯಕ್ಷರನ್ನೂ ಕಾರ್ಯಕಾರಿ ಸಮಿತಿಯನ್ನೂ ಆರಿಸುತ್ತವೆ. ಮಕ್ಕಳ ಸಾಹಿತ್ಯದ ನೊಬೆಲ್ ಎಂದು ಕರೆಸಿಕೊಳ್ಳುವ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಗೆ ಹೆಸರು ಕಳಿಸುವುದು ಶಾಖೆಯೇ: ಒಬ್ಬ ಬರಹಗಾರ, ಒಬ್ಬ ಚಿತ್ರಕಾರ. ಎರಡು ವರ್ಷಕ್ಕೊಮ್ಮೆ ಬರುವ ‘ಆನರ್ ಲಿಸ್ಟ್’ ಎಂಬ ಪಟ್ಟಿಗೆ ಪುಸ್ತಕ ಸೂಚಿಸುವುದೂ ಶಾಖೆಯೇ. ಬರಹಕ್ಕೊಂದು, ಚಿತ್ರಕ್ಕೊಂದು, ಅನುವಾದಕ್ಕೊಂದು ಎನ್ನುವುದು ಮೂಲ ಲೆಕ್ಕ. ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕ ಬರುವ ದೇಶಗಳಿಗೆ ಬರಹ ಮತ್ತು ಅನುವಾದದಲ್ಲಿ ಒಂದಕ್ಕಿಂತ ಹೆಚ್ಚು ಸೂಚಿಸಲು ಅವಕಾಶ ಕೊಟ್ಟಿದ್ದಾರೆ, ನಿಜ. ಅದೂ ಒಂದು ಕೈಬೆರಳಿನ ಎಣಿಕೆಯೊಳಗೇ. ಇಪ್ಪತ್ತೆರಡಂತೂ ಅಲ್ಲ.

ಆನರ್ ಲಿಸ್ಟ್ ಸೇರಿದ ಪುಸ್ತಕ ಏನಾಗುತ್ತದೆ? ಪ್ರದರ್ಶನವಾಗಿ ಊರೂರು ಸುತ್ತುತ್ತದೆ. ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಶಾಶ್ವತವಾಗಿ ಕೂರುತ್ತದೆ. ಬೇರೆ ದೇಶದ ಪ್ರಕಾಶಕರು ಆ ಪಟ್ಟಿ ನೋಡಿ ಅನುವಾದಕ್ಕೆ ಪುಸ್ತಕ ಹುಡುಕುತ್ತಾರೆ. ಹೊರಗಿನವರ ಕಣ್ಣಿಗೆ ಬೀಳಲು ಇರುವ ಸಭ್ಯವಾದ, ದುಡ್ಡು ಕೇಳದ ದಾರಿಗಳಲ್ಲಿ ಇದೂ ಒಂದು. ಆ ದಾರಿಯ ನಮ್ಮ ಕಡೆಯ ಬಾಗಿಲು ದೆಹಲಿಯಲ್ಲಿದೆ.

ಭಾರತದ ಶಾಖೆ ಮಕ್ಕಳ ಬರಹಗಾರರ ಮತ್ತು ಚಿತ್ರಕಾರರ ಸಂಘ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ‘ಆವಿಕ್’ ಎನ್ನುತ್ತಾರೆ. 1981ರಲ್ಲಿ ಇದನ್ನು ಶುರು ಮಾಡಿದವರು ವ್ಯಂಗ್ಯಚಿತ್ರಕಾರ ಶಂಕರ್, ಅಂದರೆ ಕೆ. ಶಂಕರ್ ಪಿಳ್ಳೈ. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದವರೂ ಅವರೇ. ಸಂಘದ ವಿಳಾಸವೂ ಟ್ರಸ್ಟ್ ಇರುವ ನೆಹರು ಹೌಸ್. ಇವರ ಕೆಲಸವನ್ನು ಹಗುರ ಮಾಡಿ ಮಾತನಾಡಲು ಹೊರಟಿಲ್ಲ. ಸ್ವಯಂಸೇವಕರು ತಮ್ಮ ಮನೆಯಲ್ಲೇ ಬೀದಿಯ ಮಕ್ಕಳಿಗೆ ಪುಸ್ತಕ ಇಡುವ ‘ಮನೆ ಗ್ರಂಥಾಲಯ’ ಯೋಜನೆ ನಡೆಸಿದರು. ಅದಕ್ಕೆ ಇಬ್ಬಿ ಮತ್ತು ಜಪಾನಿನ ಅಸಾಹಿ ಪತ್ರಿಕೆ ಸೇರಿ ಕೊಡುವ ಪ್ರಶಸ್ತಿ ಬಂತು. 1998ರಲ್ಲಿ ಇಬ್ಬಿಯ ವಿಶ್ವ ಸಮ್ಮೇಳನವನ್ನೇ ದೆಹಲಿಗೆ ತಂದರು. ಸರ್ಕಾರಿ ಇಲಾಖೆಯಲ್ಲದ ಒಂದು ಸಂಘ ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ನನ್ನ ಜಗಳ ಸಂಘದ ರಚನೆಯ ಜೊತೆ. ಅದು ವ್ಯಕ್ತಿಗಳು ಸೇರಿದ ಒಂದು ಸಂಘ, ಭಾಷೆಗಳು ಸೇರಿದ ಒಕ್ಕೂಟ ಅಲ್ಲ. ಒಂದೂರಿನಲ್ಲಿ ಕಚೇರಿ ಇಟ್ಟುಕೊಂಡು ಅಸ್ಸಾಮಿಯಿಂದ ಮಲಯಾಳದವರೆಗೆ, ಸಂತಾಲಿಯಿಂದ ಕೊಂಕಣಿಯವರೆಗೆ ಆ ವರ್ಷ ಬಂದ ಮಕ್ಕಳ ಪುಸ್ತಕಗಳಲ್ಲಿ ಯಾವುದು ಒಳ್ಳೆಯದು ಎಂದು ತೂಗಬೇಕು ಅಂದರೆ ಯಾರಿಗೆ ಸಾಧ್ಯ? ಎಷ್ಟೇ ಪ್ರಾಮಾಣಿಕರಿರಲಿ, ಕೊನೆಗೆ ತೂಕಕ್ಕೆ ಸಿಗುವುದು ತಕ್ಕಡಿಯ ಹತ್ತಿರ ಬಂದದ್ದು ಮಾತ್ರ.

ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ತಾಲ್ಲೂಕಿನಿಂದ ಸುದ್ದಿ ಕಳಿಸುವ ಯಾರನ್ನಾದರೂ ಕೇಳಿ. ಡೆಸ್ಕಿನಲ್ಲಿ ಕೂತವರು ಕೆಟ್ಟವರಲ್ಲ. ಅವರ ಮುಂದೆ ಇಡೀ ರಾಜ್ಯಕ್ಕೆ ಒಂದು ಪುಟ. ಆ ಪುಟಕ್ಕೆ ಮೂವತ್ತೊಂದು ಜಿಲ್ಲೆಯ ಸುದ್ದಿ. ಬಾಗಿಲು ಒಂದೇ ಇದ್ದಾಗ ಹತ್ತಿರದವರ ಸುದ್ದಿ ಮೂರು ಕಾಲಂ ಆಗುತ್ತದೆ, ದೂರದವರದು ‘ಸಂಕ್ಷಿಪ್ತ’ ಆಗುತ್ತದೆ. ಪತ್ರಿಕೆಗಳು ಇದಕ್ಕೆ ಕಂಡುಕೊಂಡ ಉಪಾಯ ಜಿಲ್ಲಾ ಆವೃತ್ತಿ. ಅದಕ್ಕೆ ಅದರದೇ ರೋಗಗಳಿವೆ (ಒಂದು ಜಿಲ್ಲೆಯ ಸುದ್ದಿ ಪಕ್ಕದ ಜಿಲ್ಲೆಗೆ ಹೋಗದೇ ಇರುವುದು ಅದರಲ್ಲಿ ದೊಡ್ಡದು), ಆದರೂ ಬಾಗಿಲು ಹೆಚ್ಚಾಯಿತು.

ಬಾಸೆಲ್‌ನಲ್ಲಿ ಕೂತವರು ಭಾರತಕ್ಕೆ ಹೀಗೇ ಇರಿ ಎಂದು ಹೇಳಿದ್ದಾರೆಯೇ? ಇಲ್ಲ. ಶಾಖೆಗಳು ಹೇಗಿರಬೇಕು ಎನ್ನುವುದನ್ನು ಇಬ್ಬಿ ಆಯಾ ದೇಶಕ್ಕೇ ಬಿಟ್ಟಿದೆ. ಅದರಿಂದಲೇ ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯಲ್ಲಿ ಪ್ರಕಾಶಕರು, ಗ್ರಂಥಪಾಲಕರು, ಶಿಕ್ಷಕರು, ಪುಸ್ತಕದಂಗಡಿಯವರು ಇವರೆಲ್ಲರ ಸಂಘಟನೆಗಳು ಸೇರಿದ ದೊಡ್ಡ ಕೂಟವೇ ಶಾಖೆ. ಸರ್ಕಾರದ ದುಡ್ಡಿನಲ್ಲಿ ಕೊಡುವ ರಾಷ್ಟ್ರೀಯ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು ನಡೆಸುವುದೂ ಅದೇ. ಅಮೆರಿಕದಲ್ಲಿ ಶಾಲೆಯ ಲೈಬ್ರರಿಯನ್ ಕೂಡ ವರ್ಷದ ಶುಲ್ಕ ಕಟ್ಟಿ ಸದಸ್ಯರಾಗಬಹುದು. ಬೆಲ್ಜಿಯಂನಲ್ಲಿ (ಮೊದಲು ಪುಸ್ತಕ ಕೊಡುವುದಿಲ್ಲ ಎಂದಿದ್ದ ಅದೇ ಬೆಲ್ಜಿಯಂ) ಫ್ಲೆಮಿಷ್ ಭಾಷೆಯವರಿಗೆ ಒಂದು, ಫ್ರೆಂಚ್ ಭಾಷೆಯವರಿಗೆ ಒಂದು, ಎರಡು ಶಾಖೆ. ಇಡೀ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಹೆಚ್ಚಿಲ್ಲ.

ಸ್ಪೇನಿನದು ಇನ್ನೂ ಚೆಂದ. ಅಲ್ಲಿನ ರಾಷ್ಟ್ರೀಯ ಶಾಖೆ ನಾಲ್ಕು ಸಂಘಟನೆಗಳ ಒಕ್ಕೂಟ: ಕ್ಯಾಸ್ಟಿಲಿಯನ್, ಅಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆ, ಕೆಟಲಾನ್, ಗ್ಯಾಲಿಶಿಯನ್ ಮತ್ತು ಬಾಸ್ಕ್. ನಾಲ್ಕಕ್ಕೂ ಅವುಗಳದೇ ಹೆಸರು, ಅವುಗಳದೇ ಕಾರ್ಯಕ್ರಮ. ಬಾಸ್ಕ್ ವಿಭಾಗದವರು ತಮ್ಮ ಸಂಘಕ್ಕೆ ಗಲ್ತ್ಸಗೊರ್ರಿ ಎಂದು ಹೆಸರಿಟ್ಟುಕೊಂಡಿದ್ದಾರೆ. ಅವರ ಜನಪದ ಕಥೆಗಳಲ್ಲಿ ಬರುವ ಕೆಂಪು ಚಡ್ಡಿಯ ಪುಟಾಣಿ ಭೂತಗಳ ಹೆಸರದು. ಮಕ್ಕಳ ಪುಸ್ತಕದ ಸಂಘಕ್ಕೆ ಇಂಥ ಹೆಸರಿಡುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ನಮಗೆ ‘ಅಕಾಡೆಮಿ’, ‘ಪ್ರತಿಷ್ಠಾನ’, ‘ಪರಿಷತ್ತು’ ಆಗಬೇಕು, ಮೇಲೊಂದು ಲಾಂಛನ ಬೇಕು.

ಜನರಲ್ ಫ್ರಾಂಕೋನ ಸರ್ವಾಧಿಕಾರದಲ್ಲಿ ದಶಕಗಳ ಕಾಲ ಬಾಸ್ಕ್, ಕೆಟಲಾನ್ ಭಾಷೆಗಳನ್ನು ಶಾಲೆಯಿಂದ, ಕಚೇರಿಯಿಂದ ಹೊರಗಟ್ಟಿದ್ದ ದೇಶ ಅದು. ಆ ಗಾಯ ಮಾಯುತ್ತಿದ್ದ ಹೊತ್ತಿನಲ್ಲಿ ಮಕ್ಕಳ ಪುಸ್ತಕದಂಥ ಮೆತ್ತಗಿನ ಜಾಗದಲ್ಲೂ ಅವರು ಭಾಷೆಗೊಂದು ಕುರ್ಚಿ ಹಾಕಿದರು. ಭಾಷಾವಾರು ರಾಜ್ಯಗಳನ್ನೇ ಮಾಡಿಕೊಂಡ ನಾವು ಮಕ್ಕಳ ಪುಸ್ತಕಕ್ಕೆ ಬಂದಾಗ ‘ರಾಷ್ಟ್ರೀಯ’ ಎನ್ನುವ ಪದದ ಹಿಂದೆ ಕೂತುಬಿಟ್ಟೆವು.

ಸ್ಪೇನ್ ದೂರವಾಯಿತು ಎನ್ನುವವರಿಗೆ ದೆಹಲಿಯಲ್ಲೇ ಇನ್ನೊಂದು ಉದಾಹರಣೆಯಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ. ಅದರ ಬಗ್ಗೆ ನಮಗೆ ನೂರು ದೂರುಗಳಿರಬಹುದು, ಆದರೆ ರಚನೆ ನೋಡಿ. 24 ಭಾಷೆ, ಪ್ರತಿ ಭಾಷೆಗೂ ಒಂದು ಸಲಹಾ ಮಂಡಳಿ. 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಅದೂ ಭಾಷೆಗೊಂದು. ಮೊದಲ ವರ್ಷ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ ಬಂತು. ಆ ಪುಸ್ತಕ ಹಿಂದಿಯ ಪುಸ್ತಕದ ಜೊತೆ, ಬಂಗಾಳಿಯ ಪುಸ್ತಕದ ಜೊತೆ ಕುಸ್ತಿಗೆ ಇಳಿಯಬೇಕಿರಲಿಲ್ಲ. ಕನ್ನಡ ಓದಬಲ್ಲವರು ಕನ್ನಡದ ಪುಸ್ತಕ ಓದಿ ತೀರ್ಮಾನ ಮಾಡಿದರು. ಇಷ್ಟು ಸರಳ. ಭಾಷೆಗೊಂದು ಮಂಡಳಿ ಎನ್ನುವುದು ನಮ್ಮ ದೇಶಕ್ಕೆ ಹೊಸ ಆಲೋಚನೆಯಲ್ಲ, ಹಳೆಯ ಅಭ್ಯಾಸ. ಇಬ್ಬಿಯ ಭಾರತ ಶಾಖೆಗೆ ಮಾತ್ರ ಯಾಕೆ ಬೇಡ?

ಇದಕ್ಕೆ ಬರುವ ಮೊದಲ ಉತ್ತರ ನನಗೆ ಬಾಯಿಪಾಠವಾಗಿದೆ. ನಮ್ಮೂರ ಶಾಲೆಗೆ ಕೊಠಡಿಯಿಲ್ಲ, ಇವನಿಗೆ ಸ್ವಿಟ್ಜರ್ಲೆಂಡಿನ ಮೆಡಲಿನ ಚಿಂತೆ. ಒಪ್ಪುವ ಮಾತಲ್ಲ. ಲೆಪ್‌ಮನ್ ಕಾಗದ ಬರೆದ ಜರ್ಮನಿಯಲ್ಲಿ ಕೊಠಡಿ ಹಾಗಿರಲಿ, ಊರೇ ಇರಲಿಲ್ಲ. ಮೆಡಲೂ ಮುಖ್ಯವಲ್ಲ. ಆಂಡರ್ಸನ್ ಪ್ರಶಸ್ತಿ ಬರಹಗಾರರಿಗೆ ಕೊಡಲು ಶುರುವಾದದ್ದು 1956ರಲ್ಲಿ, ಚಿತ್ರಕಾರರಿಗೆ 1966ರಲ್ಲಿ. 2024ರವರೆಗೆ ಒಬ್ಬ ಭಾರತೀಯನಿಗೂ ಬಂದಿಲ್ಲ, ಆಕಾಶವೇನೂ ಬಿದ್ದಿಲ್ಲ. ನನ್ನನ್ನು ಕಾಡುವುದು ಪುಸ್ತಕಗಳ ಏಕಮುಖ ಸಂಚಾರ. ಕುವೆಂಪು ಬ್ರೌನಿಂಗ್‌ನ ಪದ್ಯ ಹಿಡಿದು ಕಿಂದರಿಜೋಗಿಯನ್ನು ಬರೆದರು. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳು ಇಂಗ್ಲೆಂಡ್ ಮೇಲೆ ಹಾದು ಬೊಮ್ಮನಹಳ್ಳಿಗೆ ಬಂದು ಇಲ್ಲಿನವೇ ಆಗಿಹೋದವು. ಬೊಮ್ಮನಹಳ್ಳಿಯಿಂದ ಹ್ಯಾಮೆಲಿನ್‌ಗೆ ಏನು ಹೋಯಿತು? ಹ್ಯಾಮೆಲಿನ್ ಬಿಡಿ, ಬೀದರಿನಿಂದ ತೆಲುಗಿಗೆ, ಬೆಳಗಾವಿಯಿಂದ ಮರಾಠಿಗೆ ಎಷ್ಟು ಮಕ್ಕಳ ಪುಸ್ತಕ ಹೋಗುತ್ತಿವೆ?

ನಮ್ಮ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಮಕ್ಕಳ ಕಥೆಗಳ ಪುಸ್ತಕ ಮಾಡಿದ್ದರು. ಕೈಯಿಂದ ದುಡ್ಡು ಹಾಕಿ 500 ಪ್ರತಿ. ಚಿತ್ರ ಬರೆದವರು ಪಕ್ಕದ ಹಳ್ಳಿಯ ಡ್ರಾಯಿಂಗ್ ಮೇಷ್ಟ್ರು. ಬಿಡುಗಡೆಯ ಸುದ್ದಿ ಮಾಡಲು ಹೋದಾಗ ಅವರು ಕೇಳಿದರು: “ಇದನ್ನ ಬೇರೆ ಕಡೆ ಮಕ್ಕಳೂ ಓದ್ಬೇಕು ಅಂದ್ರೆ ಯಾರಿಗೆ ಕಳಿಸ್ಬೇಕು ಸಾರ್?” ಸನ್ಮಾನಕ್ಕೆ ಯಾರಿಗೆ ಕಳಿಸಬೇಕು ಎಂದು ಕೇಳಿದ್ದರೆ ಹತ್ತು ವಿಳಾಸ ಕೊಡುತ್ತಿದ್ದೆ. ಈ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದು ವಿಳಾಸವೂ ಇರಲಿಲ್ಲ. ಆ ಪುಸ್ತಕ ಒಳ್ಳೆಯದೇ, ಸಾಧಾರಣವೇ ಎನ್ನುವುದು ಬೇರೆ ಪ್ರಶ್ನೆ. ಅದನ್ನು ಓದಿ ಹೌದು, ಅಲ್ಲ ಎನ್ನುವವರೇ ಇಲ್ಲವಲ್ಲ, ನನ್ನ ಸಂಕಟ ಅದು.

ಇಲ್ಲಿಂದ ಮುಂದಿನ ಬೈಗುಳ ದೆಹಲಿಗಲ್ಲ, ನಮಗೆ. ನಾಳೆಯೇ ಆ ಸಂಘದವರು ‘ಆಯಿತು, ಕನ್ನಡಕ್ಕೊಂದು ವಿಭಾಗ, ಯಾರ ಹತ್ತಿರ ಮಾತನಾಡಬೇಕು ಹೇಳಿ’ ಎಂದರೆ ನಾವು ಯಾರನ್ನು ತೋರಿಸುತ್ತೇವೆ? ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿ ಇದೆ. ಅದು ಸರ್ಕಾರದ್ದು. ಸರ್ಕಾರ ಬದಲಾದಾಗ ಅಧ್ಯಕ್ಷರ ಕುರ್ಚಿಯೂ ಬದಲಾಗುವ ಯಾವ ಅಕಾಡೆಮಿಯೂ ಹತ್ತು ವರ್ಷ ಒಂದೇ ಕೆಲಸ ಹಿಡಿದು ಮಾಡಲಾರದು. ಜಿಲ್ಲೆಗೆ ಒಂದೆರಡು ಮಕ್ಕಳ ಸಾಹಿತ್ಯ ಸಂಘಟನೆಗಳಿವೆ. ಸಮ್ಮೇಳನ ಮಾಡುತ್ತವೆ, ಮಕ್ಕಳ ಮೆರವಣಿಗೆ ಮಾಡಿಸುತ್ತವೆ, ಬಿಸಿಲಲ್ಲಿ ಕೂರಿಸಿ ದೊಡ್ಡವರ ಭಾಷಣ ಕೇಳಿಸುತ್ತವೆ. ಆ ವರ್ಷ ಬಂದ ಮಕ್ಕಳ ಪುಸ್ತಕಗಳನ್ನೆಲ್ಲ ತರಿಸಿ, ಓದಿ, ಇದು ಚೆನ್ನಾಗಿದೆ, ಇದು ನೀತಿಪಾಠಕ್ಕೆ ಬಣ್ಣ ಬಳಿದದ್ದು ಎಂದು ಬರೆದಿಡುವ ಒಂದು ಗುಂಪನ್ನು ನಾನು ಕಂಡಿಲ್ಲ.

ಪರಂಪರೆಯ ಕೊರತೆ ನಮಗಿಲ್ಲ. ಕಾರಂತರು ಒಬ್ಬರೇ ಕೂತು ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು. ನಿರಂಜನರು ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ ಮಾಡಿಸಿದರು. ಪಂಜೆಯವರಿಂದ, ರಾಜರತ್ನಂ ಅವರಿಂದ ಹಿಡಿದು ಹೆಸರು ಹೇಳುತ್ತಾ ಹೋದರೆ ಪುಟ ಸಾಲದು. ನಮ್ಮ ಭಾಷಣಗಳು ಅಲ್ಲಿಗೇ ನಿಂತುಬಿಡುತ್ತವೆ. ಒಬ್ಬೊಬ್ಬರೇ ದೊಡ್ಡವರು ಒಬ್ಬೊಬ್ಬರೇ ಮಾಡಿದ ಕೆಲಸ. ಅವರ ನಂತರ ಆ ಕೆಲಸ ಮುಂದುವರಿಸುವ ಸಂಸ್ಥೆ ಬರಲಿಲ್ಲ.

ಇರಾನ್ ನೋಡಿ. ಅಲ್ಲಿನ ಮಕ್ಕಳ ಪುಸ್ತಕ ಮಂಡಳಿ 1962ರಲ್ಲಿ ಶುರುವಾಯಿತು, ಅದೇ ಇಬ್ಬಿಯ ಶಾಖೆ. ರಾಜನಿದ್ದಾಗ ಇತ್ತು, 1979ರ ಕ್ರಾಂತಿಯಾದ ಮೇಲೆ ಇತ್ತು, ಇರಾಕಿನ ಜೊತೆ ಎಂಟು ವರ್ಷ ಯುದ್ಧವಾದಾಗಲೂ ಇತ್ತು. ನಡೆಸುವವರು ಬಹುಪಾಲು ಸ್ವಯಂಸೇವಕರು, ಶಿಕ್ಷಕಿಯರು, ಲೈಬ್ರರಿಯನ್ನರು. ಗುಂಪುಗುಂಪಾಗಿ ಕೂತು ಬಂದ ಪುಸ್ತಕಗಳನ್ನು ಓದುತ್ತಾರೆ, ವಿಮರ್ಶೆ ಬರೆಯುತ್ತಾರೆ. ತೂರಾನ್ ಮೀರ್‌ಹಾದಿ ಎಂಬ ಶಿಕ್ಷಣತಜ್ಞೆಯ ಮುಂದಾಳತ್ವದಲ್ಲಿ ಅವರೂ ಒಂದು ಕಿರಿಯರ ವಿಶ್ವಕೋಶಕ್ಕೆ ಕೈಹಾಕಿದರು. ನಮ್ಮದರಂತೆ ಮುಗಿಸಿ ಬೀರುವಿನಲ್ಲಿಡಲಿಲ್ಲ, ಸಂಪುಟದ ಮೇಲೆ ಸಂಪುಟ ದಶಕಗಟ್ಟಲೆ ಬರುತ್ತಲೇ ಹೋಯಿತು. 1974ರಲ್ಲಿ ಏಷ್ಯಾ ಖಂಡಕ್ಕೆ ಮೊದಲ ಆಂಡರ್ಸನ್ ಪ್ರಶಸ್ತಿ ತಂದ ಚಿತ್ರಕಾರ ಫರ್ಷೀದ್ ಮೆಸ್ಘಾಲಿ ಇರಾನಿನವರು ಎನ್ನುವುದು ಸುಮ್ಮನೆ ಕೂಡಿಬಂದ ಸಂಗತಿ ಎಂದು ನನಗನ್ನಿಸುವುದಿಲ್ಲ.

ಕರ್ನಾಟಕದಲ್ಲಿ ಇಂಥದ್ದಕ್ಕೆ ಬೇಕಾದ ಜನ ಈಗಾಗಲೇ ಇದ್ದಾರೆ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಕೊರೊನಾ ಹೊತ್ತಿನಲ್ಲಿ ಶಾಲೆ ಮುಚ್ಚಿದ್ದಾಗ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಕೈಗೆ ಪುಸ್ತಕ ಸಿಕ್ಕಿದ್ದು ಅಲ್ಲೇ. ಯಾವ ಪುಸ್ತಕ ಹಾಳೆ ಕಿತ್ತುಬರುವಷ್ಟು ಓದಿಸಿಕೊಳ್ಳುತ್ತದೆ, ಯಾವುದು ದೂಳು ತಿನ್ನುತ್ತದೆ ಎಂದು ಅಲ್ಲಿನ ಮೇಲ್ವಿಚಾರಕರಿಗೆ ಗೊತ್ತಿರುವಷ್ಟು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಗೊತ್ತಿಲ್ಲ. ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತ ಜನ ಇವರು. ಇವರನ್ನು ಯಾವ ಪ್ರಶಸ್ತಿ ಸಮಿತಿಯಾದರೂ ಒಂದು ದಿನ ಕರೆದು ಕೇಳಿದೆಯೇ?

ಹಾಗಾಗಿ ನನ್ನ ವಾದ ಹೀಗಿದೆ. ಬರಹಗಾರರ ಸಂಘ ಮಾಡಬೇಡಿ. ಬರಹಗಾರರು ಮಾತ್ರ ಸೇರಿದ ಕಡೆ ಒಬ್ಬರಿಗೊಬ್ಬರು ಶಾಲು ಹೊದಿಸುವುದರಲ್ಲಿ ಹೊತ್ತು ಹೋಗುತ್ತದೆ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ನಲಿಕಲಿ ಶಿಕ್ಷಕರು, ಚಿತ್ರಕಾರರು, ಅನುವಾದಕರು, ಸಣ್ಣ ಪ್ರಕಾಶಕರು ಸೇರಿದ ಒಂದು ಮಂಡಳಿ ಬೇಕು, ಸರ್ಕಾರದ ನೇಮಕಾತಿ ಇಲ್ಲದ್ದು, ಚಂದಾ ಕಟ್ಟಿ ಸೇರುವಂಥದ್ದು. ಚಿತ್ರಕಾರರ ಹೆಸರನ್ನು ಬೇಕೆಂದೇ ಹೇಳಿದೆ. ಇಬ್ಬಿ ಚಿತ್ರಕ್ಕೆ ಬರಹದಷ್ಟೇ ಮರ್ಯಾದೆ ಕೊಡುತ್ತದೆ. ನಮ್ಮಲ್ಲಿ ಮುಖಪುಟದ ಮೇಲೆ ಬರೆದವರ ಹೆಸರು ದಪ್ಪಕ್ಷರ, ಚಿತ್ರ ಬರೆದವರ ಹೆಸರು ಒಳಪುಟದಲ್ಲಿ ಬೆಲೆ, ಪುಟಸಂಖ್ಯೆಯ ಪಕ್ಕ. ಮಂಡಳಿ ವರ್ಷಕ್ಕೊಮ್ಮೆ, ನವೆಂಬರ್ 14ಕ್ಕೆ, ಓದಿದ್ದರಲ್ಲಿ ಒಳ್ಳೆಯದರ ಪಟ್ಟಿ ಹೊರಡಿಸಲಿ. (ಇಬ್ಬಿಯ ಮಕ್ಕಳ ಪುಸ್ತಕ ದಿನ ಏಪ್ರಿಲ್ 2. 2005ರಲ್ಲಿ ಅದರ ಸಂದೇಶ, ಭಿತ್ತಿಪತ್ರ ಮಾಡುವ ಸರದಿ ಭಾರತಕ್ಕೇ ಬಂದಿತ್ತು. ನಾನಾಗ ಹೈಸ್ಕೂಲಿನಲ್ಲಿದ್ದೆ, ನಮ್ಮ ಶಾಲೆಯ ಗೋಡೆಗೆ ಅದು ತಲುಪಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಮಕ್ಕಳು ಪರೀಕ್ಷೆಯಲ್ಲೋ ಅಜ್ಜಿಯ ಮನೆಯಲ್ಲೋ ಇರುತ್ತಾರೆ, ಆ ದಿನ ನಮಗೆ ಹೊಂದುವುದೂ ಇಲ್ಲ.) ಅಂಥ ಮೂರು ಪಟ್ಟಿ ಕೈಯಲ್ಲಿಟ್ಟುಕೊಂಡು, ಪ್ರತಿ ಪುಸ್ತಕದ ಒಂದೆರಡು ಕಥೆಗೆ ಇಂಗ್ಲಿಷ್ ಅನುವಾದ ಮಾಡಿಸಿಕೊಂಡು, ಆಮೇಲೆ ನೆಹರು ಹೌಸಿಗೆ ಹೋಗಿ ಕೇಳಬೇಕು: ಸ್ಪೇನಿನ ಹಾಗೆ ಒಕ್ಕೂಟ ಮಾಡಿ, ನಾವು ಬಂದಿದ್ದೇವೆ. ತಮಿಳಿನವರು, ಮಲಯಾಳದವರು, ಮರಾಠಿಯವರು ತಮ್ಮ ತಮ್ಮ ಪಟ್ಟಿ ಹಿಡಿದು ಜೊತೆಗೆ ಬಂದರೆ ಇಲ್ಲ ಎನ್ನುವುದು ಯಾರಿಗೂ ಸುಲಭವಲ್ಲ.

ಖರ್ಚಿನ ಮಾತು ಎತ್ತುವವರಿದ್ದಾರೆ. ಇಬ್ಬಿಗೆ ಚಂದಾ ಕಟ್ಟುವುದು ದೇಶದ ಶಾಖೆ. ಅದನ್ನು ಭಾಷಾ ವಿಭಾಗಗಳು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಒಗ್ಗಟ್ಟು ಒಡೆಯುತ್ತದೆ ಎನ್ನುವವರಿಗೆ ಉತ್ತರ ಕೊಡುವ ಉಮೇದು ನನಗಿಲ್ಲ. 1956ರಲ್ಲಿ ರಾಜ್ಯ ಮಾಡುವಾಗಲೂ ಇದೇ ಮಾತು ಕೇಳಿಬಂದಿತ್ತು.

ಆದರೆ ಒಂದು ಆಕ್ಷೇಪಣೆಗೆ ಕಿವಿ ಕೊಡಲೇಬೇಕು. ದೆಹಲಿ ಕನ್ನಡಕ್ಕೆ ಮಾಡಿದ್ದನ್ನೇ ಬೆಂಗಳೂರು ಬೇರೆಯವರಿಗೆ ಮಾಡುವುದಿಲ್ಲವೇ? ತುಳುವಿನಲ್ಲಿ, ಕೊಡವದಲ್ಲಿ, ಬ್ಯಾರಿಯಲ್ಲಿ, ಲಂಬಾಣಿಯಲ್ಲಿ ಮಕ್ಕಳಿದ್ದಾರೆ, ಕಥೆಗಳಿವೆ. ಕಲಬುರಗಿಯ, ಬೀದರಿನ ಉರ್ದು ಶಾಲೆಗಳ ಮಕ್ಕಳು ಏನು ಓದುತ್ತಾರೆಂದು ಕನ್ನಡದ ಯಾವ ಮಕ್ಕಳ ಸಾಹಿತ್ಯ ಸಮ್ಮೇಳನದಲ್ಲೂ ಚರ್ಚೆಯಾದದ್ದನ್ನು ನಾನು ವರದಿ ಮಾಡಿಲ್ಲ. ಕನ್ನಡ ಎಂದರೆ ಬೆಂಗಳೂರು, ಮೈಸೂರಿನ ಕನ್ನಡ ಎಂದುಕೊಂಡರೂ ಅದೇ ಕಥೆ. ನಮ್ಮ ಕಡೆಯ ಮಕ್ಕಳಿಗೆ ಪುಸ್ತಕದಲ್ಲಿ ತಮ್ಮ ಮಾತು ಕಂಡರೆ ಅದು ತಪ್ಪಕ್ಷರ ಎಂದೇ ಅನ್ನಿಸುವಷ್ಟು ಅಭ್ಯಾಸವಾಗಿದೆ. ಆದ್ದರಿಂದ ಮಂಡಳಿಯ ಮೊದಲ ಸಭೆ ರಾಜಧಾನಿಯಲ್ಲಿ ಬೇಡ. ಯಾವುದಾದರೂ ತಾಲ್ಲೂಕಿನ ಪಂಚಾಯಿತಿ ಗ್ರಂಥಾಲಯದಲ್ಲಿ ಚಾಪೆ ಹಾಸಿ ಮಾಡಿ. ಅಧ್ಯಕ್ಷರ ಕುರ್ಚಿ ವರ್ಷಕ್ಕೊಂದು ವಿಭಾಗಕ್ಕೆ ಸರದಿಯಲ್ಲಿ ಹೋಗುತ್ತದೆ ಎಂದು ಅಲ್ಲೇ ಬರೆದುಕೊಳ್ಳಿ. ಸಭೆಯ ನೋಟಿಸನ್ನು ತುಳುವಿನಲ್ಲೂ ಉರ್ದುವಿನಲ್ಲೂ ಹಾಕಿ.